ಹರಿಹರಕ್ಕೆ ಹೋಗಿಬರಬೇಕಿದ್ದ ಬೆಳಕು

ಒಬ್ಬೊಬ್ಬರ ಗ್ರಹಚಾರ ಒಂದೊಂದು ಕಡೆಯಿಂದ ವಕ್ಕರಿಸುತ್ತದೆ. ಕೆಲವರಿಗೆ ನೆಂಟರಿಂದ, ಕೆಲವರಿಗೆ ಹೊಟ್ಟೆಯಿಂದ, ನಮ್ಮ ಓಣಿಯ ಒಬ್ಬರಿಗೆ ಬರೀ ಸ್ಕೂಟರಿನಿಂದ. ನನಗೆ ಬೆಳಕಿನಿಂದ ಬಂತು. ಬೆಳಕು ಅಂದರೆ ದೀಪದ್ದಲ್ಲ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಳಗೆ ಓಡುವ, ಕಣ್ಣಿಗೆ ಕಾಣದ ಬೆಳಕು. ಕಾಣದ್ದನ್ನು ಕಟ್ಟಿಕೊಂಡರೆ ಹಿಂಗೇ ಆಗೋದು ಅಂತ ನಮ್ಮ ಮನೆಯವರು ಹೇಳುತ್ತಾರೆ. ಅವರು ಮಂಡಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರು. ಅವರ ಕಷ್ಟಗಳೆಲ್ಲ ಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಕಣ್ಣೆದುರಿಗೆ ಒಟ್ಟಿರುತ್ತವೆ.

ನಾನು ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಅದರ ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೆ. ಎಷ್ಟು ವರ್ಷದಿಂದ ಅಂತ ಕೇಳಬೇಡಿ. ನಾನು ಹೆಸರು ನೋಂದಾಯಿಸಿದಾಗ ಹೊಟ್ಟೆಯಲ್ಲಿದ್ದ ಮಗಳು ಈಗ ನನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಾಳೆ. ಹೋದ ವರ್ಷ ಆಡಳಿತ ಮಂಡಳಿಯವರು ಕರೆದು ಕೂಡಿಸಿ, ಚಹಾ ಕೊಟ್ಟು, ಮೆತ್ತಗೆ ಹೇಳಿದರು: "ಈ ಶೈಕ್ಷಣಿಕ ವರ್ಷ ಮುಗಿಯೋದ್ರೊಳಗೆ ಪಿಎಚ್‌ಡಿ ಮುಗಿಸ್ರಿ ಮೇಡಂ. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ." ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಪಾಠ ಹೇಳುವುದು ಬಿಟ್ಟು ನನಗೆ ಇನ್ನೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇಲ್ಲ.

ಬಾಕಿ ಇದ್ದದ್ದು ಒಂದೇ ಪ್ರಯೋಗ. ಲ್ಯಾಬಿನಿಂದ, ಯಂತ್ರಕ್ಕೆ ಮಾತ್ರ ಕಾಣುವ ಎಂಟು ಬೇರೆ ಬೇರೆ ಬಣ್ಣದ ಬೆಳಕನ್ನು ಒಂದೇ ಎಳೆಯಲ್ಲಿ ಸೇರಿಸಿ ಹರಿಹರಕ್ಕೆ ಕಳಿಸಬೇಕು. ಅಲ್ಲಿಂದ ತಿರುಗಿಸಿ ಇನ್ನೊಂದು ಎಳೆಯಲ್ಲಿ ವಾಪಸ್ ಲ್ಯಾಬಿಗೇ ತರಿಸಿಕೊಳ್ಳಬೇಕು. ಸೋಮವಾರದಿಂದ ಶನಿವಾರದವರೆಗೆ ಒಂದು ಸಲವೂ ಕಡಿಯದಂತೆ ಅದನ್ನು ಅಳೆಯಬೇಕು. ಲ್ಯಾಬಿನೊಳಗೆ ಫೈಬರ್ ಸುರುಳಿ ಇಟ್ಟು ಅಳೆದದ್ದು ಸಾಲದು, ಊರಿನ ಬಿಸಿಲು, ಧೂಳು, ಲಾರಿ ಎಲ್ಲ ತಿಂದ ನಿಜವಾದ ಲೈನೇ ಆಗಬೇಕು ಅಂತ ನನ್ನ ಗೈಡ್ ಪಟ್ಟು ಹಿಡಿದಿದ್ದರು. ಅವರು ನಿವೃತ್ತ ಪ್ರೊಫೆಸರು. ಮನೆಯಿಂದ ಹೊರಗೆ ಬರುವುದೇ ಅಪರೂಪ. ಬಿಸಿಲು, ಧೂಳು, ಲಾರಿ ಎಲ್ಲ ನನ್ನ ಪಾಲಿಗೆ.

ಲೈನ್ ಕೊಟ್ಟವರು ವಿನೋಬನಗರದ ಕೇಬಲ್ ಭಾಯ್. ಟಿವಿ, ಇಂಟರ್ನೆಟ್ಟು ಎರಡನ್ನೂ ಹರಿಹರದ ತನಕ ಎಳೆದಿದ್ದಾರೆ. ಅವರ ಮಗಳು ನನ್ನ ಹತ್ತಿರ ಓದಿ ಪಾಸಾದವಳು. "ನಮ್ಮ ಕೇಬಲ್‌ನಾಗ ಎರಡು ಎಳಿ ಸುಮ್ನೆ ಬಿದ್ದಾವ್ರಿ ಮೇಡಂ, ಇಟ್ಕೊಳ್ರಿ. ನಮ್ಮೂರ ಹೆಣ್ಮಗಳು ಡಾಕ್ಟರ್ ಆದ್ರೆ ನಮಗೂ ಖುಷಿನೇ" ಅಂದರು. ಅವರ ಒಳ್ಳೆಯತನದ ಬಗ್ಗೆ ನನಗೆ ಅವತ್ತೂ ಅನುಮಾನ ಇರಲಿಲ್ಲ, ಇವತ್ತೂ ಇಲ್ಲ.

ಅತ್ತೆಯವರಿಗೆ ಅರ್ಥವಾದದ್ದು

ಒಂದು ಮಧ್ಯಾಹ್ನ ನಮ್ಮ ಅತ್ತೆಯವರು ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದರು. ಪಕ್ಕದ ಮನೆಯವರು ದಿನಾ ಅವರನ್ನು ಕೇಳುತ್ತಿದ್ದರಂತೆ, ನಿಮ್ಮ ಸೊಸಿ ಇಷ್ಟು ವರ್ಷದಿಂದ ಅದೇನು ಓದ್ತಾಳ್ರಿ ಅಂತ.

"ನನಗೆ ತಿಳಿಯಂಗೆ ಹೇಳವ್ವಾ. ಅವರಿಗೊಂದು ಉತ್ತರ ಕೊಡ್ಬೇಕು" ಅಂದರು.

ನನಗೂ ಹುರುಪು ಬಂತು. ಅತ್ತೆ, ಫೈಬರಿನ ಆ ತುದಿಯಿಂದ ಬೆಳಕು ಬರುತ್ತೆ. ಹಳೇ ಪದ್ಧತಿಯಲ್ಲಿ ಈ ತುದಿಯಲ್ಲಿ ಕೂತವರು ಬೆಳಕು ಬಂತೋ ಇಲ್ಲೋ ಅಷ್ಟು ಮಾತ್ರ ನೋಡುತ್ತಿದ್ದರು. ನಾನು ಮಾಡೋದಕ್ಕೆ ಕೊಹೆರೆಂಟ್ ಡಿಟೆಕ್ಷನ್ ಅಂತಾರೆ. ಈ ತುದಿಯಲ್ಲಿ ನಮ್ಮದೇ ಒಂದು ಸಣ್ಣ ಲೇಸರ್ ಹೊತ್ತಿಸಿ, ಬಂದ ಬೆಳಕಿನ ಜೊತೆ ಬೆರೆಸುತ್ತೇವೆ. ಎರಡೂ ಬೆರೆತಾಗ ಬಂದ ಬೆಳಕು ಎಷ್ಟು ಜೋರು ಅನ್ನೋದಷ್ಟೇ ಅಲ್ಲ, ಅದರ ಅಲೆ ಯಾವ ಗಳಿಗೆಯಲ್ಲಿ ಏಳುತ್ತೆ, ಯಾವ ಕಡೆ ವಾಲುತ್ತೆ, ಎಲ್ಲ ಗೊತ್ತಾಗುತ್ತೆ. ನಮ್ಮ ಲೇಸರಿನ ಬಣ್ಣ ಬದಲಾಯಿಸಿದರೆ ಎಂಟರಲ್ಲಿ ಯಾವ ಬಣ್ಣದ ಸುದ್ದಿ ಬೇಕೋ ಅದನ್ನು ಆರಿಸಿಕೊಳ್ಳಬಹುದು. ಹೀಗೆ ಕೈ ಆಡಿಸಿ ಆಡಿಸಿ ಹೇಳಿದೆ. ನಾನು ತರಗತಿಯಲ್ಲೂ ಅಷ್ಟು ಚೆನ್ನಾಗಿ ಹೇಳಿದವಳಲ್ಲ.

ಅತ್ತೆ ತೊಟ್ಟು ಮುರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ತಲೆ ಆಡಿಸಿದರು. "ತಿಳೀತು ಬಿಡು" ಅಂದರು. ಇಷ್ಟು ವರ್ಷದಲ್ಲಿ ನನ್ನ ವಿಷಯ ತಿಳೀತು ಅಂದ ಮೊದಲನೇ ಮನುಷ್ಯರು ಅವರೇ. ನನಗೆ ಕಣ್ಣು ತುಂಬಿ ಬಂದವು.

ಸಂಜೆ ಕಾಂಪೌಂಡಿನ ಹತ್ತಿರ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನಮ್ಮ ಸೊಸಿ ಬೆಳಕು ಬಂದೈತೋ ಇಲ್ಲೋ ಅಂತ ದೀಪ ಹಿಡ್ಕೊಂಡು ನೋಡ್ತಾಳ್ರಿ. ಅದಕ್ಕೇ ಲೇಟ್ ಆಗೈತೆ."

ವಿಭೂತಿ

ಆಯುಧಪೂಜೆ ದಿನ ನಮ್ಮ ಕಾಲೇಜಿನ ಲ್ಯಾಬುಗಳಿಗೆ ಮನೆ ಮಂದಿಯೆಲ್ಲ ಬರುತ್ತಾರೆ. ಕುಂಬಳಕಾಯಿ ಒಡೆಯುತ್ತಾರೆ, ಮಂಡಕ್ಕಿ ಹಂಚುತ್ತಾರೆ. ಆ ವರ್ಷ ಅತ್ತೆಯವರೂ ಬಂದಿದ್ದರು, ಕೈಯಲ್ಲಿ ವಿಭೂತಿಗಟ್ಟಿ ಹಿಡಿದುಕೊಂಡು. ನನ್ನ ಪಿಎಚ್‌ಡಿ ಮುಗಿಯಲಿ ಅಂತ ಹರಕೆ ಬೇರೆ ಹೊತ್ತಿದ್ದರು. ಸೋಮವಾರದಿಂದ ಮೊದಲ ಸಲ ಹರಿಹರದ ಲೈನಿನ ಅಳತೆ ಶುರು ಮಾಡಬೇಕಿತ್ತು. ಲೇಸರೆಲ್ಲ ಆಫ್ ಮಾಡಿ, ಎಲ್ಲ ಜೋಡಿಸಲು ಸಿದ್ಧ ಮಾಡಿ ಇಟ್ಟಿದ್ದೆ.

ನಾನು ಪ್ರಿನ್ಸಿಪಾಲರ ಹತ್ತಿರ ಪ್ರಸಾದ ಇಸಕೊಂಡು ಬರುವಷ್ಟರಲ್ಲಿ ಲ್ಯಾಬ್ ಕಳಕಳ ಅನ್ನುತ್ತಿತ್ತು. ಪ್ರತಿ ಯಂತ್ರಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡು ಹೂವು. ನೋಡಿ ಸಂತೋಷಪಟ್ಟೆ. ಆಮೇಲೆ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ ಸಣ್ಣ ಸಣ್ಣ ಪ್ಲಾಸ್ಟಿಕ್ ಮುಚ್ಚಳಗಳು ಕಂಡವು. ಅವು ಫೈಬರ್ ತುದಿಗೆ ಧೂಳು ಕೂರಬಾರದು ಅಂತ ಹಾಕುವ ಮುಚ್ಚಳಗಳು. ಆ ತುದಿಯ ಮೇಲೆ ಬರಿಗಣ್ಣಿಗೆ ಕಾಣದಷ್ಟು ಧೂಳು ಕೂತರೂ ಬೆಳಕು ಅಲ್ಲೇ ಸಾಯುತ್ತದೆ.

"ಅತ್ತೆ, ಈ ಮುಚ್ಚಳ ಯಾಕ ತೆಗೆದ್ರಿ?"

"ಟೊಪ್ಪಿಗಿ ಹಾಕ್ಕೊಂಡು ಕುಂತ್ರೆ ಹಣಿಗೆ ವಿಭೂತಿ ಹಚ್ಚೋದು ಹೆಂಗವ್ವಾ? ಒಂದೊಂದೇ ತೆಗೆದು ಎಲ್ಲದಕ್ಕೂ ಹಚ್ಚೀನಿ. ಒಂದನ್ನೂ ಬಿಟ್ಟಿಲ್ಲ."

ಬಿಟ್ಟಿರಲಿಲ್ಲ, ನಿಜ. ಕಳಿಸುವ ತುದಿ, ಬರುವ ತುದಿ, ಹೆಚ್ಚಿಗೆ ಇಟ್ಟಿದ್ದ ತುದಿ, ಎಲ್ಲದರ ಹಣೆಗೂ ವಿಭೂತಿ ಬಿದ್ದಿತ್ತು. ರಜೆಯಿಡೀ ಸ್ಪಿರಿಟ್ ಹಚ್ಚಿ ಒರೆಸಿದೆ. ಎಲ್ಲಾ ಹೋಯಿತು ಅಂದುಕೊಂಡು ಲೇಸರ್ ಹಾಕಿದೆ. ಎಲ್ಲೋ ಉಳಿದಿದ್ದ ಒಂದು ಕಣ ಬೆಳಕಿನ ಕಾವಿಗೆ ಸುಟ್ಟು ಗಾಜಿಗೇ ಅಂಟಿಕೊಂಡಿತು. ದೇವರ ಮುಂದೆ ಸುಟ್ಟರೆ ಭಸ್ಮ, ಫೈಬರ್ ತುದಿಯಲ್ಲಿ ಸುಟ್ಟರೆ ಮೂರು ತಿಂಗಳು. ಕೆಟ್ಟ ತುದಿಗಳ ಬದಲಿಗೆ ಬೇರೆ ಜೋಡಣೆ ತರಿಸಿಕೊಳ್ಳಲು ಅಷ್ಟು ದಿನ ಹಿಡಿಯಿತು. ಅತ್ತೆಯವರಿಗೆ ಏನು ಹೇಳಲಿ? ಅವರು ನನಗೋಸ್ಕರ ಉಪವಾಸ ಇದ್ದರು.

ಗೈಡಿಗೆ ಫೋನ್ ಮಾಡಿ ಅಳುದನಿಯಲ್ಲಿ ಹೇಳಿದೆ. "ತುದಿ ಮೇಲೆ ಅಂಥಾದ್ದೇನು ಕೂತಿತ್ತಮ್ಮ?" ಅಂದರು.

"ವಿಭೂತಿ ಸಾರ್."

ಅವರೂ ದಿನಾ ಹಚ್ಚಿಕೊಳ್ಳುವವರು. "ಹಂಗೆ ಬರೀಬ್ಯಾಡ. ಸ್ಥಳೀಯ ಧೂಳು ಅಂತ ಬರಿ."

ನನ್ನ ಒಂದೇ ಒಂದು ಗೆಲುವು

ಜೋಡಣೆ ಬರುವ ತನಕ ಖಾಲಿ ಕೂತಿದ್ದ ಕಾಲದ ಕಥೆ ಇದು. ನಮ್ಮ ಮನೆಯವರು ಮಂಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು, ನನ್ನ ಹೆಂಡತಿ ಇಂಟರ್ನೆಟ್ಟಿನಾಗೇ ಡಾಕ್ಟರೇಟ್ ಮಾಡ್ತಾಳೆ ಅಂತ. ಅವತ್ತಿನಿಂದ ಮನೆಗೆ ವೈಫೈ ಡಬ್ಬಿ ಹಿಡಿದುಕೊಂಡು ಬರುವವರು ಶುರುವಾದರು. ಇದು ನನ್ನ ವಿಷಯ ಅಲ್ಲ ಅಂದರೆ, "ಅಷ್ಟು ದೊಡ್ಡದು ಬರ್ತೈತೆ, ಇಷ್ಟು ಸಣ್ಣದು ಬರಲ್ವೇನ್ರಿ" ಅಂತ ನಗುತ್ತಿದ್ದರು.

ಮಂಡಿಯ ಒಬ್ಬ ದಲ್ಲಾಳಿಯ ಮನೆಗೆ ಹೋಗಲೇಬೇಕಾಯಿತು. ಎರಡು ದಿನದಿಂದ ಇಂಟರ್ನೆಟ್ ಇಲ್ಲ. ಮನೆ ಮಂದಿಯೆಲ್ಲ ಸುತ್ತ ನಿಂತರು. ನಾನು ಡಬ್ಬಿ ಹಿಂದಕ್ಕೆ ಕೈ ಹಾಕಿ ನೋಡಿದೆ, ಸ್ವಿಚ್ ಆಫ್ ಆಗಿತ್ತು. ಹಾಕಿದೆ. ದೀಪ ಹತ್ತಿತು. ಮನೆ ಯಜಮಾನಿತಿ ನನ್ನನ್ನು ಕೂಡಿಸಿ ಅರಿಶಿನ ಕುಂಕುಮ ಕೊಟ್ಟರು, ಕುಪ್ಪಸದ ಬಟ್ಟೆ ಕೊಟ್ಟರು, ಬೆಣ್ಣೆದೋಸೆ ತರಿಸಿಕೊಟ್ಟರು.

ಇಷ್ಟು ವರ್ಷದ ಸಂಶೋಧನೆಯಲ್ಲಿ ನನಗೆ ಯಾರಾದರೂ ಸನ್ಮಾನ ಮಾಡಿದ್ದು ಅದೊಂದೇ ಸಲ. ಮನೆಯವರು ಬೈಕಿನಲ್ಲಿ ವಾಪಸ್ ಕರೆತರುತ್ತಾ ಹೇಳಿದರು: "ನೋಡು, ಇಂಥಾದ್ದೇನಾದ್ರೂ ವಿಷಯ ತಗೊಂಡಿದ್ರೆ ಯಾವಾಗ್ಲೋ ಮುಗೀತಿತ್ತು."

ಕೌದಿ

ಜೋಡಣೆ ಬಂತು, ಬೆಳಕು ಹರಿಹರಕ್ಕೆ ಹೋಗಿ ಬಂತು. ಎಂಟೂ ಬಣ್ಣ ಬಂದವು. ನಾನು ಪರದೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆದರೆ ಒಂದು ವಿಚಿತ್ರ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಬೆಳಕು ದಿಢೀರ್ ಅಂತ ಕುಗ್ಗುತ್ತಿತ್ತು. ಮಧ್ಯಾಹ್ನ ಕಳೆಯುತ್ತಾ ನಿಧಾನವಾಗಿ ಏರುತ್ತಿತ್ತು. ಸಂಜೆಗೆ ಸರಿಹೋಗುತ್ತಿತ್ತು. ಕೆಲವು ದಿನ ಪೂರ್ತಿ ಕಡಿದೇ ಹೋಗುತ್ತಿತ್ತು, ವಾರದ ಅಳತೆ ಮತ್ತೆ ಮೊದಲಿನಿಂದ.

ಗೈಡ್ ಆ ಏರಿಳಿತದ ಗ್ರಾಫಿನ ಗೆರೆ ನೋಡಿ ಕುಣಿದಾಡಿದರು. "ಇದು ಬಿಸಿಲಿನ ಪರಿಣಾಮ ಕಣಮ್ಮ. ಗಾಜು ಹಿಗ್ಗುತ್ತೆ, ಕುಗ್ಗುತ್ತೆ. ಇದನ್ನ ಇಷ್ಟು ಚೆಂದ ಯಾರೂ ತೋರಿಸಿಲ್ಲ. ಒಂದು ಚಾಪ್ಟರ್ ಬರಿ." ನಾನು ಬರೆಯಲು ಕೂತೆ. ಕಾಗದದ ಮೇಲೆ ಬಿಸಿಲು, ಗಾಜು, ಸೂತ್ರ ಎಲ್ಲ ಚೆನ್ನಾಗಿ ಹೊಂದಿಕೊಂಡವು. ಮೋಡ ಮುಚ್ಚಿದ ದಿನ ಬೆಳಕು ಇನ್ನೂ ಹೆಚ್ಚು ಹೊತ್ತು ಕುಗ್ಗಿಯೇ ಇರುತ್ತಿತ್ತು. ಅದೊಂದು ಮಾತ್ರ ಹೊಂದಲಿಲ್ಲ. ಅದನ್ನು ಅಡಿಟಿಪ್ಪಣಿಗೆ ಹಾಕಿದೆ.

ಮನಸ್ಸು ತಡೆಯದೆ ಒಂದು ದಿನ ಹತ್ತು ಗಂಟೆಗೆ ಭಾಯ್ ಜೊತೆ ಲೈನ್ ನೋಡುತ್ತಾ ಹೊರಟೆ. ವಿನೋಬನಗರದ ಒಂದು ಅಡ್ಡರಸ್ತೆಯಲ್ಲಿ ಕೇಬಲ್ ಕಂಬದಿಂದ ಒಂದು ಮನೆಯ ಮಾಳಿಗೆ ಮೇಲೆ ಹಾದು ಇನ್ನೊಂದು ಕಂಬಕ್ಕೆ ಹೋಗುತ್ತದೆ. ಆ ಮಾಳಿಗೆ ಮೇಲೆ ಒಬ್ಬ ಹೆಣ್ಣುಮಗಳು ಹಳೇ ಸೀರೆ ಒಟ್ಟಿ ಹೊಲಿದ, ನೀರು ಸೋರುವ ದಪ್ಪ ಕೌದಿಯನ್ನು ಎತ್ತಿ ನನ್ನ ಪಿಎಚ್‌ಡಿ ಮೇಲೆ ಹಾಕುತ್ತಿದ್ದಳು. ಕೇಬಲ್ ಬಾಗಿ ಮೊಳದಷ್ಟು ಕೆಳಗೆ ಬಂತು. ಫೈಬರ್ ಹಾಗೆ ಬಾಗಿದರೆ ಬೆಳಕು ತಿರುವಿನಲ್ಲಿ ಸೋರಿ ಹೋಗುತ್ತದೆ. ಒಣಗಿದಂತೆ ಕೌದಿ ಹಗುರಾಗಬೇಕು, ಕೇಬಲ್ ಏಳಬೇಕು, ಬೆಳಕು ಏರಬೇಕು. ಮೋಡವಿದ್ದರೆ ಬೇಗ ಒಣಗುವುದಿಲ್ಲ.

"ಅಕ್ಕಾ, ಇದು ಬಟ್ಟೆ ಹಾಕೋ ತಂತಿ ಅಲ್ರಿ" ಅಂದೆ.

"ಗೊತ್ತೈತ್ರಿ. ಆದ್ರೆ ಇದು ಶಾಕ್ ಹೊಡೆಯಲ್ಲ, ತುಕ್ಕು ಹಿಡಿಯಲ್ಲ, ಬಟ್ಟಿಗೆ ಕಲೆ ಆಗಲ್ಲ. ನಾನು ಹೆರಿಗೆ ವಾರ್ಡಿನವರ ಕೌದಿ ಒಗೆಯೋಕೆ ತಗೊಂತೀನಿ. ಇಂಥಾ ತಂತಿ ದುಡ್ಡು ಕೊಟ್ರೂ ಸಿಗಲ್ಲ."

ಭಾಯ್ ಅವಳಿಗೆ ಬೇರೆ ಹಗ್ಗ ಕಟ್ಟಿಕೊಟ್ಟರು. ನಾನು ಗೈಡಿಗೆ ಫೋನ್ ಮಾಡಿ, ಬಿಸಿಲಲ್ಲ ಸಾರ್, ಕೌದಿ ಅಂದೆ.

"ಚಾಪ್ಟರ್ ಎಷ್ಟು ಆಗೈತಮ್ಮ?"

"ಮುಕ್ಕಾಲು ಆಗೈತೆ ಸಾರ್."

"ಹಂಗಾದ್ರೆ ಆ ಹೆಣ್ಮಗಳಿಗೆ ಇನ್ನೊಂದು ವಾರ ಅಲ್ಲೇ ಒಣಗಿಸೋಕೆ ಹೇಳು."

ಕಲ್ಲು

ಕೌದಿ ಹೋದ ಮೇಲೆ ಉಳಿದದ್ದು ರಸ್ತೆ. ಊರು ದಾಟಿದ ಮೇಲೆ ಭಾಯ್ ಕೇಬಲ್ಲನ್ನು ನೆಲದೊಳಗೆ ಹೂತಿದ್ದಾರೆ. ಹೂತ ಕಡೆಯೆಲ್ಲ ಗುರುತಿಗೆ ಒಂದೊಂದು ಕಲ್ಲು ನೆಟ್ಟಿದ್ದಾರೆ. ಇಲ್ಲಿ ಕೇಬಲ್ ಐತೆ, ಅಗೆಯಬೇಡಿ ಅಂತ ಅದರ ಅರ್ಥ. ಈ ಸಲ ಸೋಮವಾರ ದಾಟಿತು, ಮಂಗಳವಾರ ದಾಟಿತು, ಗುರುವಾರವೂ ದಾಟಿತು. ನಾನು ಲ್ಯಾಬಿನಲ್ಲಿ ಜೋರಾಗಿ ಉಸಿರು ಬಿಡಲೂ ಹೆದರುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಎಂಟೂ ಬಣ್ಣ ಒಟ್ಟಿಗೆ ಮಾಯವಾದವು.

ಭಾಯ್ ಸ್ಕೂಟರಿನ ಹಿಂದೆ ಕೂತು ಹೋದೆ. ಹರಿಹರ ಇನ್ನೇನು ಬಂತು ಅನ್ನುವಾಗ ರಸ್ತೆ ಪಕ್ಕ ನೀರಿನ ಪೈಪಿಗೆ ಜೆಸಿಬಿಯವನು ಕಾಲುವೆ ಅಗೆದಿದ್ದ. ಕೇಬಲ್ ಎರಡು ತುಂಡಾಗಿ ಮಣ್ಣಿನಿಂದ ಹೊರಗೆ ಇಣುಕುತ್ತಿತ್ತು. ಡ್ರೈವರ್ ಇಳಿದು ಬಂದು, ನಮ್ಮ ಮುಖ ನೋಡಿ ಬೀಡಿ ಆರಿಸಿದ.

"ಕಲ್ಲು ನೋಡ್ಲಿಲ್ಲೇನಪಾ?" ಅಂತ ಭಾಯ್ ಕೇಳಿದರು.

"ಯಾವ ಕಲ್ಲು?"

ಆಗ ನಾವೂ ಹುಡುಕಿದೆವು. ಕಲ್ಲು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಐದಾರು ಮಾರು ಆಚೆ ಬೇವಿನ ಮರದ ಕೆಳಗೆ ಇತ್ತು. ಅರಿಶಿನ ಬಳಿದಿದ್ದರು, ಮೇಲೆ ನಿಂಬೆಹಣ್ಣು, ಮುಂದೆ ಒಡೆದ ಕಾಯಿ. ಯಾರೋ ಪುಣ್ಯಾತ್ಮರು ರಸ್ತೆಗೆ ಮುಖ ಮಾಡಿ ಬಿಸಿಲಲ್ಲಿ ಒಂಟಿಯಾಗಿ ನಿಂತ ಕಲ್ಲು ನೋಡಿ ಮನಸ್ಸು ಕರಗಿ, ಒಯ್ದು ನೆರಳಿನಲ್ಲಿ ಇಟ್ಟಿದ್ದರು. ಆಮೇಲೆ ಹೋಗಿ ಬರುವವರು ಕೈಮುಗಿಯಲು ಶುರುಮಾಡಿದ್ದರು.

"ಅದೇನಾ?" ಅಂದ ಡ್ರೈವರ್, ನೊಂದುಕೊಂಡ. "ಅದನ್ನ ನೋಡೇ ಬಂದೀನ್ರಿ. ಬೆಳಿಗ್ಗೆ ಊದುಬತ್ತಿ ಹಚ್ಚಿ ಕೈಮುಗಿದೇ ಕೆಲಸ ಶುರು ಮಾಡಿದ್ದು. ಪೈಪು ಮರದ ಬುಡಕ್ಕೇ ಹೋಗ್ಬೇಕಿತ್ತು. ದೇವರನ್ನ ಕೆಡವಬಾರದು ಅಂತ ಇಂಜಿನಿಯರ್ ಹತ್ರ ಜಗಳ ಮಾಡಿ ಇಷ್ಟು ಈಚೆಗೆ ತಗೊಂಡೀನಿ."

ಭಾಯ್ ಮಣ್ಣಿನ ಗುಡ್ಡೆ ಮೇಲೆ ಕೂತುಬಿಟ್ಟರು. ನಾನೂ ಕೂತೆ. ಡ್ರೈವರ್ ನಮ್ಮಿಬ್ಬರಿಗೂ ಒಡೆದ ಕಾಯಿಯ ಒಂದೊಂದು ಹೋಳು ತಂದು ಕೊಟ್ಟ. "ತಗೊಳ್ರಿ ಅಮ್ಮಾರ. ಭಾರಿ ಸತ್ಯದ ದೇವರಂತೆ. ಕೆಟ್ಟಿದ್ದೆಲ್ಲ ಸರಿ ಮಾಡ್ತೈತಂತೆ."

ಅಳತೆ ಮುಗಿದ ವಾರ

ಕೊನೆಗೆ ಒಂದೇ ಒಂದು ವಾರ ಉಳಿಯಿತು. ಅದರ ಮುಂದಿನ ವಾರ ಹೊರಗಿನಿಂದ ಪರೀಕ್ಷಕರು ಬರುವುದು, ಅದರ ಮುಂದೆ ಕಾಲೇಜಿನ ವರ್ಷವೇ ಮುಗಿಯುವುದು. ಈ ವಾರದ ಅಳತೆ ಕೈಗೆ ಸಿಗದಿದ್ದರೆ ನನ್ನ ಕೆಲಸ ಹೋಯಿತು ಅಂತಲೇ ಲೆಕ್ಕ. ಭಾನುವಾರ ಭಾಯ್ ಆಫೀಸಿಗೆ ಹೋಗಿ ಕೂತೆ. ಏನೋ ಹೇಳಬೇಕು ಅಂತ ಹೋದವಳು ಹೇಳಲಾಗದೆ ಅಳಲು ಶುರುಮಾಡಿದೆ. ಅಲ್ಲಿ ಟಿವಿ ಬಿಲ್ ಕಟ್ಟಲು ಬಂದವರೆಲ್ಲ ನೋಡಿದರು. ನೋಡಲಿ ಬಿಡು ಅನ್ನಿಸಿತು.

ಭಾಯ್ ನೀರು ಕೊಟ್ಟರು. "ಫಿಕರ್ ಮಾಡ್ಬ್ಯಾಡ್ರಿ ಮೇಡಂ. ಈ ಸಲ ಕಟ್ ಆಗಲ್ಲ. ನಾನು ನೋಡ್ಕೊಂತೀನಿ, ಜಬಾನ್ ಕೊಡ್ತೀನಿ."

ಕೊಟ್ಟ ಮಾತು ಉಳಿಸಿಕೊಂಡರು. ಸೋಮವಾರ ಬೆಳಿಗ್ಗೆ ಹಾಕಿದ ಬೆಳಕು ಶನಿವಾರ ಸಂಜೆಯವರೆಗೆ ಅಲುಗಾಡಲಿಲ್ಲ. ಎಂಟು ಬಣ್ಣ, ಎಂಟೂ ನೆಟ್ಟಗೆ. ತಪ್ಪುಗಳ ಎಣಿಕೆ ಸೊನ್ನೆಯ ಹತ್ತಿರ. ಬೆಳಕು ಹಿಂದಿಗಿಂತ ಎಷ್ಟು ಜೋರಾಗಿ ಬರುತ್ತಿತ್ತು ಅಂದರೆ, ರಿಸೀವರಿಗೆ ಹೆಚ್ಚಾಗುತ್ತದೆ ಅಂತ ನಡುವೆ ಬೆಳಕು ತಗ್ಗಿಸುವ ಒಂದು ತುಂಡು ಜೋಡಿಸಿದೆ. ಭಾಯ್ ಕೇಬಲ್ಲಿನ ಬೆಸುಗೆಗಳನ್ನೆಲ್ಲ ಹೊಸದಾಗಿ ಮಾಡಿರಬೇಕು ಅಂದುಕೊಂಡೆ. ಅತ್ತೆಯವರು ಹರಕೆ ತೀರಿಸಿದರು. ಮನೆಯವರು ಮಂಡಿಯಲ್ಲಿ ಪೇಡೆ ಹಂಚಿದರು.

ಪರೀಕ್ಷಕರು ಬಂದರು. ನಿಧಾನದ ಮನುಷ್ಯರು, ಕನ್ನಡಕ ತೆಗೆದು ನೋಡುವ ಅಭ್ಯಾಸ. ಲ್ಯಾಬಿನಲ್ಲಿ ಗೈಡ್, ಪ್ರಿನ್ಸಿಪಾಲರು ಎಲ್ಲ ಸೇರಿದ್ದರು. ಗೆರೆಗಳನ್ನು ನೋಡಿ ಪರೀಕ್ಷಕರು, "ಬಹಳ ಚೆನ್ನಾಗಿದೆ, ರಸ್ತೆ ಬದಿಯ ಲೈನ್ ಅಂತ ಅನ್ನಿಸೋದೇ ಇಲ್ಲ" ಅಂದರು. ನಾನು ನಾಚಿಕೊಂಡೆ. ಆಮೇಲೆ ಅವರು ತಾವೇ ಮೌಸ್ ಹಿಡಿದು, ನಾನು ಆ ವಾರವೆಲ್ಲ ತೆರೆದೇ ನೋಡದ ಒಂದು ಪುಟ ತೆಗೆದರು. ಯಂತ್ರ ತನ್ನಷ್ಟಕ್ಕೆ ಲೆಕ್ಕ ಹಾಕುವ ಪುಟ ಅದು, ಯಾರೂ ಅದನ್ನು ನೋಡಲು ಹೋಗುವುದಿಲ್ಲ.

ಅದರಲ್ಲಿ ಇರುವುದು ಇಷ್ಟೇ. ಗಾಜಿನಲ್ಲಿ ದೂರ ಓಡಿದಷ್ಟೂ ಬೆಳಕಿನ ಮಿಡಿತ ಚೂರು ಚೂರೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಕೊಹೆರೆಂಟ್ ರಿಸೀವರಿಗೆ ಅಲೆಯ ವಿಷಯವೆಲ್ಲ ಗೊತ್ತಿರುವುದರಿಂದ ಆ ಹರಡಿದ್ದನ್ನು ಲೆಕ್ಕ ಹಾಕಿ ಮತ್ತೆ ಮಡಿಸಿ ಸರಿಮಾಡುತ್ತದೆ. ಎಷ್ಟು ಮಡಿಸಿತು ಅಂತ ನೋಡಿದರೆ ಬೆಳಕು ಎಷ್ಟು ದೂರ ಓಡಿ ಬಂದಿದೆ ಅಂತ ಗೊತ್ತಾಗುತ್ತದೆ.

ಪರೀಕ್ಷಕರು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಮೇಡಂ, ಹರಿಹರ ಇಲ್ಲಿಂದ ಎಷ್ಟು ದೂರ?"

"ಹದಿನಾಲ್ಕು ಕಿಲೋಮೀಟರ್ ಸಾರ್. ಹೋಗಿಬರೋಕೆ ಇಪ್ಪತ್ತೆಂಟು."

"ನಿಮ್ಮ ಯಂತ್ರ ಈ ಬೆಳಕು ನಿಮ್ಮ ಕಾಲೇಜಿನ ಗೇಟ್ ದಾಟಿಲ್ಲ ಅಂತಿದೆ."

ಯಂತ್ರ ಕೆಟ್ಟಿರಬೇಕು ಅಂದೆ. ಯಂತ್ರ ಕೆಟ್ಟಿರಲಿಲ್ಲ. ಎಂಟೂ ಬಣ್ಣಕ್ಕೆ ಅದೇ ಉತ್ತರ ಕೊಡುತ್ತಿತ್ತು. ಗೈಡ್ ಗೋಡೆ ಕಡೆ ತಿರುಗಿ ನಿಂತರು. ಪ್ರಿನ್ಸಿಪಾಲರು, ಲೈನಿನವರನ್ನೇ ಕೇಳಿಬಿಡಿ ಅಂದರು. ಎಲ್ಲರೆದುರಿಗೆ ಸ್ಪೀಕರ್ ಹಾಕಿ ಭಾಯ್‌ಗೆ ಫೋನ್ ಮಾಡಿದೆ.

"ಭಾಯ್, ಹೋದ ವಾರ ಲೈನ್ ಹರಿಹರದ ತನಕ ಇತ್ತಲ್ರಿ?"

ಆ ಕಡೆಯಿಂದ ಸಂತೋಷದ ದನಿ ಬಂತು. "ಹರಿಹರಕ್ಕೆ ಕಳಿಸಿದ್ರೆ ತಾನೇ ಮೇಡಂ ಕಟ್ ಆಗೋದು? ನಿಮ್ಮ ಗೇಟ್ ಹತ್ರ ಕಂಬದಾಗ ನಮ್ಮ ಡಬ್ಬಿ ಐತಲ್ಲ, ಹೋಗೋ ಎಳಿ, ಬರೋ ಎಳಿ ಎರಡನ್ನೂ ಅಲ್ಲೇ ಕೂಡಿಸಿಬಿಟ್ಟೆ. ಹೆಂಗೂ ವಾಪಸ್ ನಿಮ್ಮ ಹತ್ರನೇ ಬರೋದಲ್ವಾ, ಅಷ್ಟು ದೂರ ಸುಮ್ನೆ ಯಾಕ ಹೋಗ್ಬೇಕು ಅದು?"

"ಹಂಗೆ ಮಾಡಬಾರದಿತ್ತು ಭಾಯ್."

"ಯಾರಿಗೂ ಹೇಳಿಲ್ಲ ಬಿಡ್ರಿ ಮೇಡಂ. ಪೇಪರ್‌ನಾಗ ಹರಿಹರ ಅಂತಲೇ ಬರಕೊಳ್ರಿ. ಎಲ್ಲಿಗೆ ಹೋಗಿ ಬಂತು ಅಂತ ಬೆಳಕೇನು ಬಾಯಿಬಿಟ್ಟು ಹೇಳ್ತೈತಾ?"

ಪರೀಕ್ಷಕರು ಮುಖಕ್ಕೆ ಕರವಸ್ತ್ರ ಹಿಡಿದುಕೊಂಡು ಹೊರಗೆ ಹೋದರು. ನಗು ತಡೆದುಕೊಂಡು ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬಂದವರು ಮರ್ಯಾದೆಯಿಂದಲೇ ಹೇಳಿದರು. ನನ್ನ ವಿಧಾನ ಸರಿ ಇದೆ, ಅದು ಸರಿ ಇರುವುದಕ್ಕೇ ಇದು ಸಿಕ್ಕಿಬಿದ್ದದ್ದು. ಇದರಲ್ಲಿ ನನ್ನ ಮೋಸ ಇಲ್ಲ ಅಂತಲೂ ಬರೆಯುತ್ತಾರೆ. ಆದರೆ ಈ ಅಳತೆ ಒಪ್ಪಲಾಗುವುದಿಲ್ಲ. ಹರಿಹರಕ್ಕೆ ಹೋಗಿಬಂದ ಬೆಳಕನ್ನು ಅಳೆದುಕೊಂಡು ಮುಂದಿನ ವರ್ಷ ಬನ್ನಿ. ಮುಂದಿನ ವರ್ಷ ನಾನು ಆ ಕಾಲೇಜಿನಲ್ಲಿ ಇರುವುದಿಲ್ಲ ಅಂತ ಪ್ರಿನ್ಸಿಪಾಲರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಅಲ್ಲಿಂದ ಸೀದಾ ನಡೆದುಕೊಂಡು ವಿನೋಬನಗರಕ್ಕೆ ಹೋದೆ. ಭಾಯ್‌ಗೆ ಬಾಯಿ ತುಂಬ ಬೈಯಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಅವರ ಮಗಳು ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಮನುಷ್ಯ ಆಫೀಸಿನ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಕುರ್ಚಿಯನ್ನು ತಮ್ಮ ಟವೆಲಿನಿಂದಲೇ ಒರೆಸಿದರು.

"ಕೂಡ್ರಿ ಮೇಡಂ" ಅಂದರು. "ನಿಮ್ಮ ಕೆಲಸ ನನ್ನ ಕೈಯಾರೆ ಕಳೆದುಬಿಟ್ನಲ್ರಿ."

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಇರಲಿ ಬಿಡ್ರಿ ಭಾಯ್ ಅಂದೆ. ಹರಿಹರಕ್ಕೆ ಕಳಿಸಿದ್ದರೂ ಬುಧವಾರವೋ ಗುರುವಾರವೋ ಎಲ್ಲಾದರೂ ಕಡಿದೇ ಹೋಗುತ್ತಿತ್ತು, ನನ್ನ ಹಣೆಬರಹ ನನಗೆ ಗೊತ್ತಿಲ್ಲವೇ, ನೀವು ನೊಂದುಕೊಳ್ಳಬೇಡಿ ಅಂತ ಸಮಾಧಾನ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಸಮಾಧಾನವಾಯಿತು. ಹೌದು, ಹೆಂಗೂ ಆಗುತ್ತಿರಲಿಲ್ಲ. ಚಹಾ ಬಂತು, ಅದೂ ಇಳಿಯಿತು.

ಭಾಯ್‌ಗೆ ಮಾತ್ರ ಸಮಾಧಾನವಾಗಲಿಲ್ಲ. ಕಪ್ಪು ಕೆಳಗಿಟ್ಟು, ನನ್ನ ಮುಖ ನೋಡಲಾಗದೆ, ನೆಲ ನೋಡುತ್ತಾ ಹೇಳಿದರು.

"ಅದೇ ಕೇಬಲ್‌ನಾಗ ನಮ್ಮ ಹರಿಹರದ ಗಿರಾಕಿಗಳ ಲೈನೂ ಹೋಗ್ತೈತಲ್ರಿ ಮೇಡಂ. ಹೋದ ವಾರ ಒಬ್ಬರದೂ ಕಂಪ್ಲೇಂಟ್ ಬರಲಿಲ್ಲ. ಸೋಮವಾರದಿಂದ ಶನಿವಾರದ ತನಕ ಒಂದು ಸಲಾನೂ ಕಟ್ ಆಗಿಲ್ಲ. ನಾನು ಈ ಧಂದೆಗೆ ಬಂದಾಗಿಂದ ಇದೇ ಮೊದಲನೇ ಸಲ."